ಕಾಡುಬಾಳೆಯ ಕಂದು

ಹೊರದೇಶದಿಂದ ಬಂದ ಗಿಡಗಳನ್ನು ತಡೆದಿಟ್ಟು, ರೋಗವಿದೆಯೇ ಎಂದು ಪರೀಕ್ಷಿಸುವ ಕೇಂದ್ರಕ್ಕೆ ಶಿವನಂಜಯ್ಯನೇ ಅಧಿಕಾರಿ. ಬಾಳೆಯ ಸೊರಗು ರೋಗವನ್ನು ತಾಳಿಕೊಳ್ಳುವ ತಳಿ ಹುಡುಕುತ್ತಿದ್ದ ವಿಜ್ಞಾನಿ ಮಂದಾಕಿನಿ, ವರ್ಷಗಟ್ಟಲೆ ಅಲೆದು ಪರವಾನಗಿ ಪಡೆದು, ಫಿಲಿಪ್ಪೀನ್ಸಿನಿಂದ ಕಾಡುಬಾಳೆಯ ಕಂದುಗಳನ್ನು ತರಿಸಿದ್ದಳು. ಪರೀಕ್ಷೆಯಲ್ಲಿ ಒಂದು ಕಂದಿನ ಬೇರಲ್ಲಿ ಅದೇ ರೋಗ ಸಿಕ್ಕಿತು.

“ಅದೊಂದನ್ನ ಸುಡಿ ಸಾರ್, ಮಿಕ್ಕಿದ್ದೆಲ್ಲ ಚೆನ್ನಾಗಿವೆ. ಅಲ್ಲಿನ ಕಾಡನ್ನೇ ಕಡಿದುಬಿಟ್ಟಿದಾರೆ, ಮತ್ತೆ ತರಿಸೋಕಾಗಲ್ಲ.”

“ಒಟ್ಟಿಗೆ ಬಂದಿದ್ದು ಒಟ್ಟಿಗೇ ಹೋಗಬೇಕಮ್ಮ. ಈ ರೋಗ ಮಣ್ಣಲ್ಲೇ ಹರಡೋದು, ಚಿಟಿಕೆ ಮಣ್ಣು ಆಚೆ ಹೋದ್ರೂ ನಮ್ಮ ಬಾಳೆ ತೋಟಗಳೆಲ್ಲ ಮುಗಿದ ಹಾಗೇ.”

“ಒಂದೇ ಒಂದು ಕಂದು ಸಾರ್, ಇಲ್ಲೇ ಬೀಗ ಹಾಕಿಟ್ಟುಕೊಳ್ಳಿ.”

“ಆಗಲ್ಲ.”

ಅವನೇ ಎದುರು ನಿಂತು ಎಲ್ಲವನ್ನೂ ಬೆಂಕಿಗೆ ಹಾಕಿಸಿದ. ಹಸಿ ಕಂದುಗಳು ಸುಯ್ಯೆನ್ನುತ್ತ ಬೆಂದವು. ಮಂದಾಕಿನಿ ತಿರುಗಿ ನೋಡದೆ ಹೊರಟುಹೋದಳು. ಶಿವನಂಜಯ್ಯ ನಾಡಿನ ಬಾಳೆ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದ.

ಹೆಂಡತಿ ಸರ್ವಮಂಗಳಾ ಹಿಗ್ಗಿನಿಂದ ಎದುರುಗೊಂಡಳು. “ರೀ, ಬೈಯಬಾರದು. ನಮ್ಮಣ್ಣ ಫಿಲಿಪ್ಪೀನ್ಸಿಂದ ಬರುವಾಗ ಸೂಟ್‌ಕೇಸಲ್ಲಿ ಬಾಳೆ ಕಂದು ತಂದಿದ್ದ. ಅಪ್ಪನ ತೋಟದಲ್ಲಿ ಈಗ ಗೊನೆ ಬಿಟ್ಟಿದೆಯಂತೆ!”

ಶಿವನಂಜಯ್ಯ ಬಿಚ್ಚುತ್ತಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡ. “ಬೇರಿನ ಮಣ್ಣು ತೊಳೆದಿದ್ನಾ?”

“ತೊಳೆದ್ರೆ ಬಾಡೋಗಲ್ವಾ? ಮಣ್ಣಿನ ಸಮೇತಾನೇ ತಂದ. ಪಕ್ಕದಲ್ಲಿ ಎದ್ದ ಮರಿಗಳನ್ನ ಅಪ್ಪ ಊರವರಿಗೆಲ್ಲ ಹಂಚಿಬಿಟ್ಟಿದಾರೆ.”