ಅವ್ವನ ಪಾಳಿ

ದೊಡ್ಡ ಪಾತೇಲಿಯ ಮುಚ್ಚಳ ತೆಗೆದಾಗ ಬೇಳೆಸಾರಿನ ಹಬೆ ಮುಖಕ್ಕೆ ಬಡಿದರೆ, ಈಗಲೂ ನನಗೆ ಕೊಣ್ಣೂರಿನ ಶಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಬಿಸಿಯೂಟ ಬಡಿಸುವ ಮೊದಲು ಮಕ್ಕಳ ತಾಯಂದಿರಲ್ಲಿ ಒಬ್ಬರು ರುಚಿ ನೋಡಬೇಕೆಂಬ ನಿಯಮವಿತ್ತು. ಅಂದು ಅವ್ವನ ಪಾಳಿ. ಕಬ್ಬಿನ ಹೊಲದಿಂದ ನೇರ ಬಂದವಳು, ಗರಿ ಗೀರಿದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತಳು. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದದ್ದನ್ನು ಬಳಿದು ಉಣ್ಣುವವಳು ಅವಳು.

"ಹುಡುಗ್ರು ಮದಲ ಉಣ್ಲಿ ಬಿಡ್ರಿ ಸರ," ಅಂದಳು.

"ಹಂಗಿಲ್ರಿ ಅಕ್ಕಾರ," ಎಂದರು ಹೆಡ್‌ಮಾಸ್ತರರು. "ನೀವು ಉಂಡು ಹೇಳೂತನಕ ಯಾರಿಗೂ ಬಡಸಂಗಿಲ್ಲ. ಒಳಗ ಬರ್ರಿ."

ಅವ್ವ ತಾಟಿನ ಮುಂದೆ ಕೂತು ಒಂದು ತುತ್ತು ಬಾಯಿಗಿಟ್ಟಳು. ಚಲೋ ಐತಿ ಎಂದು ಗಡಬಡಿಸಿ ಎದ್ದುಬಿಡುತ್ತಾಳೆ ಅಂದುಕೊಂಡಿದ್ದೆ. ಅವಳು ನಿಧಾನ ಅಗಿದಳು.

"ಬ್ಯಾಳಿ ಇನ್ನೂ ಬೆಂದಿಲ್ರಿ."

ಅಡುಗೆಯವಳು ಹೆಡ್‌ಮಾಸ್ತರರ ಮುಖ ನೋಡಿದಳು. ಅವರು ಒಲೆಯ ಕಡೆ ಕೈ ತೋರಿಸಿದರು. ಪಾತೇಲಿ ಮತ್ತೆ ಒಲೆಗೇರಿತು. ಹಸಿದ ಹುಡುಗರು ತಾಟು ಬಡಿಯತೊಡಗಿದರು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ.

ಬೇಳೆ ಬೆಂದ ಮೇಲೆ ಅವ್ವ ಮತ್ತೊಮ್ಮೆ ರುಚಿ ನೋಡಿದಳು.

"ಈಗ ಬಡಸ್ರಿ."

ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.