ಗಿಡ್ಡ ಮೊಳ

ಮದುವೆಯಾದಾಗಿನಿಂದ ಗಂಡ ದಿನವೂ ಸಂಜೆ ಮೊಳ ಮಲ್ಲಿಗೆ ತರುತ್ತಿದ್ದ. ಈ ಯುಗಾದಿ ಕಳೆದ ಮೇಲೆ ಅದು ಯಾಕೋ ಅವಳ ತುರುಬಿಗೆ ಅರ್ಧ ಸುತ್ತೂ ಬರುತ್ತಿರಲಿಲ್ಲ.

“ಈಗಿನ ಹೂವಿನವಳ ಕೈಯೇ ಗಿಡ್ಡ ಕಣೇ, ಮೊಳ ಇನ್ನೆಷ್ಟು ಉದ್ದ ಬರುತ್ತೆ?” ಎಂದು ಅವನು ನಗುತ್ತಿದ್ದ.

ಒಂದು ದಿನ ರೇಗಿಹೋಗಿ ಹೊಲಿಗೆಯ ಟೇಪು ಹಿಡಿದು ಹೂವಿನವಳ ಮುಂದೆಯೇ ಹೋಗಿ ನಿಂತಳು.

“ನೀಲಿ ಸ್ಕೂಟರಲ್ಲಿ ಬರೋರು ನಮ್ಮನೆಯೋರು. ಅವ್ರು ಸಾಧು ಅಂತ ಮೊಳ ಅಂದು ಗೇಣು ಕೊಡ್ತೀಯಾ?”

ಹೂವಿನವಳು ಮೊಣಕೈಯಿಂದ ಬೆರಳ ತುದಿಗೆ ಮಾಲೆ ಎಳೆದು ತೋರಿಸಿದಳು. ಟೇಪಿನಲ್ಲಿ ಹದಿನೆಂಟು ಇಂಚು ತುಂಬಿ, ಮೇಲೊಂದು ಹೂವು.

“ನಾನು ಕೊಡೋದು ಮೊಳಾನೇ ಅಕ್ಕಾ. ಅದನ್ನ ಎರಡು ಗೇಣು ಮಾಡಿಸಿ, ಬೇರೆಬೇರೆ ಎಲೇಲಿ ಕಟ್ಟಿಸ್ಕೊಂಡು ಹೋಗೋದು ನಿಮ್ಮನೆಯೋರೇ.”