ಹಿಂದಿನ ಸೀಟು

ಬಸ್ ಸ್ಟಾಪಿನಲ್ಲಿ ನಿಂತಿದ್ದ ಸಪ್ಪಲಮ್ಮ ಕೈ ಅಡ್ಡ ಹಿಡಿದಳು. ಪದ್ಮಶ್ರೀ ಬ್ರೇಕ್ ಒತ್ತಿದಳು. ಕಲಿಯಲು ಶುರುಮಾಡಿದ ಮೇಲೆ ಮೊದಲ ಸಲ ಕಾರು ಕುಲುಕದೆ ನಿಂತಿತು. ಆ ಖುಷಿಯಲ್ಲೇ ಅವಳು ಕಿಟಕಿಯ ಗಾಜು ಇಳಿಸಿದಳು.

"ಸೂಲಿಬೆಲೆಗಾ ಮಿಸ್? ನಾನೂ ಬತ್ತೀನಿ. ಈ ಬಸ್ಸು ಬರೋ ಅಂಗೇ ಕಾಣಲ್ಲ," ಎನ್ನುತ್ತಾ ಸಪ್ಪಲಮ್ಮ ಹಿಂದಿನ ಬಾಗಿಲಿಗೆ ಕೈಹಾಕಿದಳು. ಪದ್ಮಶ್ರೀ ಊರಿನ ಅಂಗನವಾಡಿ ಟೀಚರ್. ಸಪ್ಪಲಮ್ಮ ಅಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಬಡಿಸುವ ಸಹಾಯಕಿ.

ಪದ್ಮಶ್ರೀ ಪಕ್ಕದಲ್ಲಿದ್ದ ಮಾವ ಪಿಳ್ಳಪ್ಪನ ಕಡೆ ತಿರುಗಿದಳು. ಲೈಸೆನ್ಸ್ ಇದ್ದದ್ದು ಅವನಿಗೆ. ಅವಳದು ಇನ್ನೂ ಎಲ್‌ಎಲ್‌ಆರ್. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹತ್ತಿಸಿಕೊಳ್ಳಬಾರದೆಂದು ಡ್ರೈವಿಂಗ್ ಸ್ಕೂಲಿನವರು ತಾಕೀತು ಮಾಡಿದ್ದರು.

"ಮಾವ, ಸೂಲಿಬೆಲೆ ತನಕ ನೀವು ಓಡಿಸ್ತೀರಾ? ಸಪ್ಪಲಮ್ಮನೂ ಬರ್ತಾರೆ."

"ನಾಳೆ ಟೆಸ್ಟು ಮಡಿಕ್ಕೊಂಡು ನಾನ್ಯಾಕಮ್ಮ ಓಡಿಸ್ಲಿ? ರೂಲ್ಸ್ ಏನೈತೋ ಅದ್ನ ಹೇಳು." ಪಿಳ್ಳಪ್ಪ ಎದುರಿನ ರಸ್ತೆಯಿಂದ ಕಣ್ಣು ಕೀಳಲಿಲ್ಲ.

ಪದ್ಮಶ್ರೀ ಹೇಳಿದಳು. ಬಂಪರಿನ ಮೇಲಿದ್ದ ಕೆಂಪು 'ಎಲ್' ಅಕ್ಷರವನ್ನೂ ಬೆರಳು ಚಾಚಿ ತೋರಿಸಿದಳು. ಸಪ್ಪಲಮ್ಮ ಬಾಗಿಲಿನಿಂದ ಕೈ ತೆಗೆದು ಹಿಂದಕ್ಕೆ ಸರಿದಳು. "ಅಯ್ಯೋ ಬುಡಿ ಮಿಸ್, ರೂಲ್ಸ್ ಅಂದ್ಮೇಲೆ ರೂಲ್ಸೇಯ. ನೀವು ಉಸಾರಾಗಿ ಹೋಗಿ."

ಎರಡನೇ ಗೇರು, ಮೂರನೇ ಗೇರು. ಪದ್ಮಶ್ರೀ ಕನ್ನಡಿಯಲ್ಲಿ ದೂರವಾಗುತ್ತಿದ್ದ ಸಪ್ಪಲಮ್ಮನನ್ನು ನೋಡಿದಳು. ಹೋದ ವರ್ಷ ಕೇರಿಯ ಸಪ್ಪಲಮ್ಮ ಅಡುಗೆಗೆ ಸೇರಿದ ವಾರದಲ್ಲೇ ಮೇಲಿನ ಬೀದಿಯ ಮಕ್ಕಳು ಮನೆಯಿಂದ ಊಟದ ಡಬ್ಬಿ ತರತೊಡಗಿದ್ದವು. ಪದ್ಮಶ್ರೀ ಯಾರೊಡನೆಯೂ ವಾದ ಮಾಡಿರಲಿಲ್ಲ. ಬಾಗಿಲಲ್ಲಿ ನಿಂತ ತಾಯಂದಿರಿಗೆ ಕಾಣುವ ಹಾಗೆ ದಿನವೂ ಮಕ್ಕಳ ಸಾಲಿನಲ್ಲಿ ಕೂತು, ಸಪ್ಪಲಮ್ಮ ಬಡಿಸಿದ್ದನ್ನು ಉಂಡಳು. ಡಬ್ಬಿಗಳು ಒಂದೊಂದಾಗಿ ನಿಂತವು. ಅಂಥ ತಾನು ಇವತ್ತು ಹತ್ತಿಸಿಕೊಳ್ಳಲಿಲ್ಲವೆಂದರೆ ಸಪ್ಪಲಮ್ಮ ಬೇರೆ ಅರ್ಥ ಮಾಡಿಕೊಳ್ಳುವಳೇ? ಇಲ್ಲ. ಹೇಳಿದ್ದು ನಿಜವೇ ತಾನೆ.

"ನಿಲ್ಸು, ನಿಲ್ಸು," ಎಂದ ಪಿಳ್ಳಪ್ಪ. ಹಾಲಿನ ಡೈರಿಯ ಮುಂದೆ ಅವನ ದಾಯಾದಿ ಮುನಿರಾಜ್ ನಿಂತಿದ್ದ. ಪದ್ಮಶ್ರೀ ಕಾರು ನಿಲ್ಲಿಸುವಷ್ಟರಲ್ಲಿ ಅವನು ಹಿಂದಿನ ಬಾಗಿಲು ತೆಗೆದು ಒಳಗೆ ಬಂದಿದ್ದ.

"ಚಿಕ್ಕಮಾವ, ಎಲ್ ಬೋರ್ಡ್ ಕಾರು. ಯಾರೂ ಕೂರಂಗಿಲ್ಲ."

"ನಂಗೇನು ಭಯ ಇಲ್ಲವ್ವ. ಗುದ್ದುದ್ರೆ ಒಟ್ಟಿಗೇ ಹೋಗಾನ!" ಮುನಿರಾಜ್ ಜೋರಾಗಿ ನಕ್ಕ.

"ಮಾವ, ರೂಲ್ಸು..."

"ಇವ್ನು ನಮ್ಮೋನು ಕಣಮ್ಮ. ನಡಿ, ನಡಿ."

ಬಾಗಿಲು ದಡಕ್ಕನೆ ಮುಚ್ಚಿತು. ಅಲ್ಲಿಯವರೆಗೆ ನಿಜವಾಗಿದ್ದ ತನ್ನ ಮಾತು ಆ ಸದ್ದಿನೊಡನೆ ಸುಳ್ಳಾಗಿಹೋಯಿತೆಂದು ಪದ್ಮಶ್ರೀಗೆ ಅನ್ನಿಸಿತು. ಇಳಿಯಿರಿ ಎನ್ನಬೇಕು ಅಂದುಕೊಂಡಳು. ಕಾಲು ಆಗಲೇ ಕ್ಲಚ್ ಬಿಡುತ್ತಿತ್ತು.

ಮಾವಂದಿರಿಬ್ಬರ ಮಾತು ಹಾಲಿನ ಫ್ಯಾಟು, ರೇಟು ಎಂದು ಸಾಗಿತು. ಪದ್ಮಶ್ರೀ ರಸ್ತೆಗಿಂತ ಹೆಚ್ಚಾಗಿ ಕನ್ನಡಿಯನ್ನೇ ನೋಡುತ್ತಿದ್ದಳು. ಹಿಪ್ಪುನೇರಳೆ ತೋಟದ ತಿರುವಿನಲ್ಲಿ ಅದರಲ್ಲಿ ಬಸ್ಸು ಕಾಣಿಸಿತು. ಮುಂದೆ ಹೋಗಲು ಬಿಟ್ಟರೆ ಪಕ್ಕದಲ್ಲಿ ಹಾದುಹೋಗುವಾಗ ಸಪ್ಪಲಮ್ಮನಿಗೆ ಕಿಟಕಿಯಿಂದ ಎಲ್ಲ ಕಾಣುತ್ತದೆ. ಬಿಡದಿದ್ದರೆ ಅದಕ್ಕಿಂತ ಮೊದಲು ಸೂಲಿಬೆಲೆ ಸೇರಬೇಕು. ಅವಳು ಆಕ್ಸಿಲರೇಟರ್ ಒತ್ತಿದಳು.

"ಏನಮ್ಮಾ ಇಷ್ಟೊಂದು ಸ್ಪೀಡು! ನಿಧಾನ," ಎಂದ ಪಿಳ್ಳಪ್ಪ. ಸೂಲಿಬೆಲೆಯ ಮೊದಲ ರೋಡ್ ಹಂಪು ಎದುರಿಗೇ ಬಂದಿತ್ತು. ಪದ್ಮಶ್ರೀ ಬ್ರೇಕ್ ತುಳಿದಳು, ಕ್ಲಚ್ ಮರೆತಳು. ಎಂಜಿನ್ ಆಫ್ ಆಗಿ ಕಾರು ಹಂಪಿನ ಮೇಲೆ ದಾರಿ ಕಟ್ಟಿ ನಿಂತಿತು. ಕೀ ತಿರುಗಿಸಿದರೆ ಗೇರಿನಲ್ಲೇ ಇದ್ದ ಕಾರು ಮುಂದಕ್ಕೆ ನೆಗೆದು ಮತ್ತೆ ನಿಂತಿತು. ಹಿಂದೆ ಬಸ್ಸಿನ ಹಾರನ್ ನಿಲ್ಲಲೇ ಇಲ್ಲ. ಸ್ಟಾಪು ಹತ್ತಿರವೇ ಇದ್ದದ್ದರಿಂದ ಜನ ಅಲ್ಲೇ ಇಳಿದು ಕಾರಿನ ಎರಡೂ ಬದಿಯಿಂದ ನಡೆದು ಹೋಗತೊಡಗಿದರು.

ಸಪ್ಪಲಮ್ಮ ಬಂದದ್ದು ಪದ್ಮಶ್ರೀಯ ಬದಿಯಲ್ಲೇ. ಗಾಜು ಇನ್ನೂ ಇಳಿದೇ ಇತ್ತು. ಅವಳ ನೋಟ ಒಮ್ಮೆ ಹಿಂದಿನ ಸೀಟಿಗೆ ಹೋಯಿತು. ಅಲ್ಲಿ ಮುನಿರಾಜ್ ಒಂದು ಕೈಯನ್ನು ಸೀಟಿನುದ್ದಕ್ಕೂ ಚಾಚಿ ಕೂತಿದ್ದ. ಅವನ ಪಕ್ಕದ ಜಾಗ ಖಾಲಿಯಿತ್ತು.

"ಸಪ್ಪಲಮ್ಮಾ, ಇವರು... ನಾನು ಬೇಡ ಅಂದೆ..." ಪದ್ಮಶ್ರೀಯ ಕೈ ಮತ್ತೆ ಕೀ ಕಡೆಗೆ ಹೋಯಿತು.

ಸಪ್ಪಲಮ್ಮ ಕಿಟಕಿಗೆ ಬಗ್ಗಿ, ಅಳುವ ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ ಮೆಲ್ಲಗೆ ಹೇಳಿದಳು:

"ಯೋಚ್ನೆ ಮಾಡ್ಬ್ಯಾಡಿ ಮಿಸ್. ನಾನೇನು ಪೊಲೀಸ್ನೋರ್ಗೆ ಹೇಳಕ್ಕೋಗಲ್ಲ."